ಐದನೇ ನಂಬರಿನ ಬೆಂಚು

ಅಪ್ಪನನ್ನು ಕೇಳಿದರೆ ಆ ಊರಿನವರೆಲ್ಲ ದೇವರಂಥ ಜನ. ಯಾರ ಮನೆಗೆ ಊಟಕ್ಕೆ ಹೋದರೂ, ಹೊಸದಾಗಿ ಐರ್ಲೆಂಡಿಗೆ ಓದಲು ಬಂದ ಹುಡುಗರು ಸಿಕ್ಕರೂ, ಅವರು ಅದನ್ನೇ ಹೇಳುತ್ತಾರೆ. ನಮ್ಮನ್ನು ಎಷ್ಟು ಚೆನ್ನಾಗಿ ನೋಡಿಕೊಂಡರು, ಚರ್ಚಿನಲ್ಲಿ ಟೀ ಕೊಟ್ಟರು, ಮಕ್ಕಳಿಗೆ ಕೇಕ್ ಕೊಟ್ಟರು ಅಂತ. ಟೀ ಕೊಟ್ಟದ್ದು ನಿಜ, ಕೇಕ್ ಕೊಟ್ಟದ್ದೂ ನಿಜ. ಕೂರಲು ಜಾಗ ಮಾತ್ರ ಕೊಡಲಿಲ್ಲ. ಅದನ್ನು ನನ್ನ ಅಮ್ಮ ತಾನೇ ತೆಗೆದುಕೊಂಡಳು. ಅಪ್ಪ ಹೇಳುವ ಕಥೆಯಲ್ಲಿ ಈ ಭಾಗ ಬರುವುದಿಲ್ಲ, ಅದಕ್ಕೇ ನಾನು ಬರೆಯುತ್ತಿದ್ದೇನೆ. ಇದನ್ನು ಓದಿ ಯಾರಿಗಾದರೂ ಬೇಜಾರಾದರೆ ಆಗಲಿ. ಅವತ್ತು ನಮಗೆ ಬೇಜಾರಾದಾಗ ಯಾರೂ ಬಂದು ಕೇಳಿರಲಿಲ್ಲ.

ನಾವಿದ್ದದ್ದು ಲಿಮೆರಿಕ್ಕಿನಿಂದ ಕಾರಿನಲ್ಲಿ ಅರ್ಧ ಗಂಟೆ ದೂರದ ಸಣ್ಣ ಊರಿನಲ್ಲಿ. ನನಗೆ ಹತ್ತು ವರ್ಷ, ತಮ್ಮ ಪ್ರಸನ್ನನಿಗೆ ಐದು. ಅಪ್ಪ ಬೆಂಗಳೂರಿನಲ್ಲಿ ಓದಿದ ಡಾಕ್ಟರು; ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆರಾರು ತಿಂಗಳ ಕಾಂಟ್ರಾಕ್ಟಿನ ಮೇಲೆ ಕೆಲಸ. ಅಮ್ಮ ತುಮಕೂರು ಕಡೆಯ ಸ್ಕೂಲೊಂದರಲ್ಲಿ ಟೀಚರಾಗಿದ್ದವಳು, ಇಲ್ಲಿ ಅವಳ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಬಾಡಿಗೆ ಮನೆಗಾಗಿ ನಾವು ಅಲೆದದ್ದು ಅಷ್ಟಿಷ್ಟಲ್ಲ. ಹೋದಲ್ಲೆಲ್ಲ ಆಸ್ಪತ್ರೆಯ ಪತ್ರ ಕೇಳುತ್ತಿದ್ದರು, ಹಿಂದಿನ ಮನೆಯೊಡೆಯರ ರೆಫರೆನ್ಸ್ ಕೇಳುತ್ತಿದ್ದರು, ಪಾಸ್‌ಪೋರ್ಟ್ ಕಾಪಿ ಕೇಳುತ್ತಿದ್ದರು, ಕೊನೆಗೆ ಮನೆ ಬೇರೆಯವರಿಗೆ ಹೋಯಿತು ಅನ್ನುತ್ತಿದ್ದರು. ಅಮ್ಮ ಈ ಕಾಗದಗಳನ್ನೆಲ್ಲ ಒಂದು ನೀಲಿ ಫೈಲಿನಲ್ಲಿ ಜೋಡಿಸಿ, ಎಲ್ಲೇ ಹೋದರೂ ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದಳು. ಕಡೆಗೆ ಮನೆ ಕೊಟ್ಟವರು ಮಿಸ್ಟರ್ ಕೋಲ್ ಅನ್ನುವ ಹಿರಿಯರು. ಫೈಲ್ ನೋಡುತ್ತಾ ನೀವು ಯಾವ ಧರ್ಮ ಅಂತ ಕೇಳಿದರು. ನಾವು ಪ್ರೊಟೆಸ್ಟೆಂಟ್ ಕ್ರೈಸ್ತರು, ಅಜ್ಜನ ಕಾಲದಿಂದಲೂ ಅಂತ ಅಪ್ಪ ಹೇಳಿದಾಗ ಅವರ ಹುಬ್ಬು ಮೇಲೆ ಹೋಯಿತು. ಊರಿನ ಪ್ರೊಟೆಸ್ಟೆಂಟ್ ಚರ್ಚಿನ ಆಡಳಿತ ನೋಡಿಕೊಳ್ಳುವ ವಾರ್ಡನ್ ಅವರೇ. ಕ್ಯಾಥೊಲಿಕರೇ ತುಂಬಿದ ಈ ಊರಿನಲ್ಲಿ ನಾವು ಮೂವತ್ತು ಜನ ಉಳಿದಿದ್ದೇವೆ, ನೀವೂ ಬನ್ನಿ ಅಂದರು. ಮನೆ, ಚರ್ಚು ಎರಡೂ ಒಂದೇ ದಿನ ಸಿಕ್ಕಿದವು ಅಂತ ಅಪ್ಪ ಕಾರಿನಲ್ಲೇ ಪ್ರಾರ್ಥನೆ ಮಾಡಿದರು.

ಆ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲ. ಹಾಗಾಗಿ ಅಪ್ಪ ಅಮ್ಮನ ಮದುವೆ ಫೋಟೋ, ಊರಿನಿಂದ ತಂದ ಕನ್ನಡ ಬೈಬಲ್ ವಾಕ್ಯಗಳ ಕ್ಯಾಲೆಂಡರ್ ಎಲ್ಲ ನೆಲದ ಮೇಲೆ ಗೋಡೆಗೆ ಒರಗಿಕೊಂಡು ಕೂತಿದ್ದವು. ತಾರೀಖು ನೋಡಬೇಕಾದರೆ ಬಗ್ಗಬೇಕಿತ್ತು. ಅಡುಗೆಯ ವಾಸನೆ ಕಾರ್ಪೆಟ್ಟಿಗೆ ಹಿಡಿಯಬಾರದು ಅಂತ ಮಿಸ್ಟರ್ ಕೋಲ್ ಹೇಳಿದ್ದರಿಂದ ಅಮ್ಮ ಕೊರೆಯುವ ಚಳಿಯಲ್ಲೂ ಕಿಟಕಿ ತೆರೆದಿಟ್ಟು, ತಲೆಗೆ ಉಣ್ಣೆ ಟೋಪಿ ಹಾಕಿಕೊಂಡು ಮುದ್ದೆ ತಿರುವುತ್ತಿದ್ದಳು. ನಮ್ಮ ಮಲಗುವ ಕೋಣೆಯ ಮೂಲೆಯಲ್ಲಿ ಬೂಷ್ಟು ಹಿಡಿದಿತ್ತು, ಪ್ರಸನ್ನನಿಗೆ ಉಬ್ಬಸ. ಅವನು ಉಸಿರೆಳೆಯುವ ಸದ್ದು ಕೇಳಿಸಿದರೆ ಅಮ್ಮ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ಅವನ ಬೆನ್ನನ್ನು ರೇಡಿಯೇಟರಿಗೆ ತಾಗಿಸಿ ಕೂರಿಸುತ್ತಿದ್ದಳು. ಆ ಮನೆಯಲ್ಲಿ ನಾವು ಪಿಸುಮಾತಿನಲ್ಲಿ ಜಗಳ ಆಡುವುದನ್ನು ಕಲಿತೆವು, ಗೋಡೆಯಾಚೆ ಕೋಲ್ ಅವರ ಅಕ್ಕ ಇದ್ದರು. ನಾನು, ಪ್ರಸನ್ನ ಇಂಗ್ಲಿಷಿನಲ್ಲಿ ಜೋರಾಗಿ ಜಗಳ ಆಡಿದರೆ ಅಪ್ಪ ಏನೂ ಅನ್ನುತ್ತಿರಲಿಲ್ಲ, ಕನ್ನಡದಲ್ಲಿ ಆಡಿದರೆ ಸುಮ್ಮನಿರಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಮಟನ್ ಸಾರು ಅರ್ಧ ಬೇಯಿಸಿ, ಒಲೆ ಆರಿಸಿ, ಅಮ್ಮ ರೇಷ್ಮೆ ಸೀರೆ ಉಟ್ಟು, ಮೇಲೆ ಮೊಣಕಾಲಿನವರೆಗಿನ ಕೋಟು ಹಾಕಿಕೊಂಡು ಹೊರಡುತ್ತಿದ್ದಳು. ಚರ್ಚು ದೊಡ್ಡದು, ಮುನ್ನೂರು ಜನ ಕೂರಬಹುದಾದದ್ದು. ಅಂಥ ಬೆಂಚುಗಳನ್ನು ನಾವು ಅದುವರೆಗೆ ಕಂಡಿರಲಿಲ್ಲ. ಒಂದೊಂದಕ್ಕೂ ಎದೆಯೆತ್ತರದ ಮರದ ಗೋಡೆ, ಒಂದು ಪುಟ್ಟ ಬಾಗಿಲು, ಬಾಗಿಲಿಗೆ ಚಿಲಕ, ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಕೆಲವಕ್ಕೆ ಹಿತ್ತಾಳೆಯ ಹೆಸರಿನ ಫಲಕ. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಪಕ್ಕದವರ ತಲೆ ಮಾತ್ರ ಕಾಣುತ್ತದೆ. ಮೊದಲ ಭಾನುವಾರ ಅಮ್ಮ ಕಣ್ಣಲ್ಲೇ ಸುತ್ತಲೂ ಅಳೆದು, ಗೋಡೆಯ ಪಕ್ಕ ರೇಡಿಯೇಟರ್ ಇರುವ ಬೆಂಚನ್ನು ಹಿಡಿದಳು. ನಂಬರು ಐದು. ಪ್ರಸನ್ನನನ್ನು ಬಿಸಿಯ ಪಕ್ಕಕ್ಕೆ ಕೂರಿಸಿ ಅವನ ಮಫ್ಲರ್ ಸಡಿಲಿಸಿದಳು. ಹಾಡಿನ ಪುಸ್ತಕ ತೆರೆಯುವಷ್ಟರಲ್ಲಿ ಬಾಗಿಲ ಬಳಿ ಒಬ್ಬ ಮುದುಕಿ ಬಂದು ನಿಂತರು. ಹಸಿರು ಕೋಟು, ಕೈಗವಸು. ಅವರೇ ಮಿಸೆಸ್ ಹಾರ್ಡಿಂಗ್. ಸಿಡುಕಲಿಲ್ಲ, ದನಿ ಎತ್ತಲಿಲ್ಲ. ನಗುತ್ತಲೇ ಅಂದರು:

"ಅಯ್ಯೋ, ನೀವು ಗ್ರ್ಯಾಂಡ್, ಏನೂ ತೊಂದ್ರೆ ಇಲ್ಲ. ಆದ್ರೆ ಇದು ನಮ್ಮದು."

ಗ್ರ್ಯಾಂಡ್ ಅಂದರೆ ಈ ದೇಶದಲ್ಲಿ ಎಲ್ಲ ಸರಿಯಾಗಿದೆ ಅಂತ. ಎಲ್ಲ ಸರಿಯಾಗಿದ್ದರೆ ಅಪ್ಪ ಯಾಕೆ ಸೂಜಿ ಚುಚ್ಚಿದವರಂತೆ ಎದ್ದರೋ ನನಗೆ ಗೊತ್ತಿಲ್ಲ. ಮೂರು ಸಲ ಸಾರಿ ಕೇಳಿದರು, ನಮ್ಮ ಮೂವರನ್ನೂ ಹೊರಗೆ ಎಳೆದರು. ಸುತ್ತ ಖಾಲಿ ಬೆಂಚುಗಳಿದ್ದವು, ಆದರೆ ಯಾವುದು ಯಾರದೋ ಅನ್ನುವ ಹೆದರಿಕೆಗೆ ಅಪ್ಪ ನಮ್ಮನ್ನು ನೇರವಾಗಿ ಕಟ್ಟಕಡೆಗೆ, ಬಾಗಿಲ ಪಕ್ಕದಲ್ಲಿ ಗಾಳಿ ನುಗ್ಗುವ ಜಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಬೆಂಚಿಗೆ ಬಾಗಿಲೂ ಇರಲಿಲ್ಲ, ನಂಬರೂ ಇರಲಿಲ್ಲ. ಎಂಟು ಜನ ಕೂರುವ ಐದನೇ ನಂಬರಿನಲ್ಲಿ ಮಿಸೆಸ್ ಹಾರ್ಡಿಂಗ್ ಒಬ್ಬರೇ ಕೂತರು, ರೇಡಿಯೇಟರಿನ ಪಕ್ಕ ಅವರ ಹ್ಯಾಂಡ್‌ಬ್ಯಾಗ್ ಕೂತಿತು. ಆರಾಧನೆ ಮುಗಿದ ಮೇಲೆ ನಮಗೆ ಟೀ ತಂದುಕೊಟ್ಟವರೂ ಅವರೇ. ಅಪ್ಪನಿಗೆ ನೆನಪಿರುವುದು ಆ ಟೀ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮ ತಟ್ಟೆಗೆ ಕೈ ಹಾಕಲಿಲ್ಲ. ಸಾರು ಆರಿ ಮೇಲೆ ಕೊಬ್ಬು ಕಟ್ಟಿತು. ಅಪ್ಪ ಹಿಂದೆ ಕೂತರೇನಂತೆ, ದೇವರಿಗೆ ಕೇಳಿಸುವುದಿಲ್ಲವಾ ಅಂದರು. ಆಗ ಅಮ್ಮ ತನ್ನ ಅಜ್ಜಿಯ ಮಾತು ತೆಗೆದಳು. ಆ ಅಜ್ಜಿಯ ವಿಷಯ ನಾನು ಕೇಳಿದ್ದು ಅದೇ ಮೊದಲು. ತುಮಕೂರು ಕಡೆಯ ಒಂದು ಹಳ್ಳಿಯ ಸಣ್ಣ ಚರ್ಚಿನಲ್ಲಿ ಮುಂದಿನ ಬೆಂಚುಗಳು ಮಿಷನ್ ಬಂಗಲೆಯ ದೊರೆಗಳಿಗೆ, ಅವರ ಹಿಂದೆ ಸಂಬಳದ ಮಾಸ್ತರುಗಳಿಗೆ. ಹೊಲಗೇರಿಯಿಂದ ಬಂದು ಕ್ರೈಸ್ತರಾದ ಅಜ್ಜಿಯ ಮನೆಯವರಿಗೆ ಬಾಗಿಲ ಪಕ್ಕ ಈಚಲು ಚಾಪೆ. ದೀಕ್ಷಾಸ್ನಾನ ಮಾಡಿಸಿದವರೂ ಆ ದೊರೆಗಳೇ, ದೇವರ ಮುಂದೆ ಎಲ್ಲರೂ ಸಮ ಅಂದವರೂ ಅವರೇ, ಚಾಪೆ ಹಾಸಿದವರೂ ಅವರೇ ಅಂತ ಅಮ್ಮ ಹೇಳುತ್ತಿದ್ದಳು. ಅಜ್ಜಿ ಸಾಯುವವರೆಗೆ ಬೆಂಚಿನ ಮೇಲೆ ಕೂರಲಿಲ್ಲ. ಅಮ್ಮನ ದನಿ ಏರುತ್ತಿತ್ತು, ಅಪ್ಪ ಗೋಡೆಯ ಕಡೆ ನೋಡುತ್ತಿದ್ದರು.

"ಸುಗುಣಾ, ಸ್ವಲ್ಪ ಮೆಲ್ಲಗೆ. ಈ ಮನೆ ವಾರ್ಡನ್‌ದು ಕಣೇ. ಅಲ್ಲಿ ಗಲಾಟೆ ಮಾಡ್ಕೊಂಡ್ರೆ ಇಲ್ಲಿ ಏಳು ಅಂತಾರೆ. ಮತ್ತೆ ಎಲ್ಲಿಗೆ ಹೋಗಾಣ ಮಕ್ಕಳನ್ನ ಕಟ್ಕೊಂಡು?"

"ಅಲ್ಲಿ ಎದ್ದಾಯ್ತಲ್ಲ. ಇನ್ನು ಇಲ್ಲಿ ಏಳೋದೇನು ದೊಡ್ಡದು."

ಅಪ್ಪನ ಹೆದರಿಕೆ ಸುಳ್ಳಲ್ಲ. ಆರು ತಿಂಗಳಿಗೊಮ್ಮೆ ನೌಕರಿಯ ಕಾಗದಕ್ಕೆ ಕಾಯುವ ಮನುಷ್ಯನಿಗೆ ಸೂರು ದೊಡ್ಡದು. ಅಷ್ಟನ್ನು ನಾನು ಒಪ್ಪುತ್ತೇನೆ, ಅದಕ್ಕಿಂತ ಹೆಚ್ಚನ್ನು ಒಪ್ಪುವುದಿಲ್ಲ. ಇನ್ನೊಂದು ವಿಷಯವನ್ನೂ ಮುಚ್ಚಿಡುವುದಿಲ್ಲ. ಆಗ ನಾನು ಅಪ್ಪನ ಕಡೆಗಿದ್ದೆ. ಹಿಂದಿನ ಸಾಲು ನನಗೆ ಬೇಕಾಗಿತ್ತು. ಅಲ್ಲಿ ಕೂತರೆ ಅಮ್ಮನ ಸೀರೆ ಯಾರಿಗೂ ಕಾಣುತ್ತಿರಲಿಲ್ಲ, ಅವಳು ಇಂಗ್ಲಿಷ್ ಹಾಡನ್ನು ಕನ್ನಡದ ರಾಗದಲ್ಲಿ ಎಳೆಯುವುದು ಯಾರಿಗೂ ಕೇಳಿಸುತ್ತಿರಲಿಲ್ಲ. ನನ್ನ ಕ್ಲಾಸಿನ ಇಬ್ಬರು ಹುಡುಗಿಯರು ಅದೇ ಚರ್ಚಿಗೆ ಬರುತ್ತಿದ್ದರು, ಅವರು ತಿರುಗಿ ನೋಡದಿರಲಿ ಅಂತ ಪ್ರತಿ ವಾರ ನಾನು ಕಣ್ಣುಮುಚ್ಚಿ ಬೇಡಿಕೊಳ್ಳುತ್ತಿದ್ದೆ.

ಆ ಚರ್ಚಿನ ಮುಂದಿನ ಮೊಗಸಾಲೆಯಲ್ಲಿ, ಛತ್ರಿ ನಿಲ್ಲಿಸುವ ಜಾಗದ ಮೇಲೆ, ಗಾಜು ಹಾಕಿದ ಒಂದು ಚೌಕಟ್ಟು ತೂಗುತ್ತಿತ್ತು. ಅದರಲ್ಲಿ ಬೆಂಚುಗಳ ನಕ್ಷೆ, ನಂಬರುಗಳ ಪಟ್ಟಿ, ಎದುರಿಗೆ ಹೆಸರು, ವರ್ಷದ ಬಾಡಿಗೆ. ಐದರ ಮುಂದೆ ಹಾರ್ಡಿಂಗ್. ಆರರ ಮುಂದೆ ಹೆಸರಿರಲಿಲ್ಲ, ಖಾಲಿ ಇದೆ, ಬಾಡಿಗೆಗೆ ಬೇಕಾದವರು ವಾರ್ಡನ್ನರನ್ನು ಕಾಣುವುದು ಅಂತ ಬರೆದಿತ್ತು. ಒಂದು ಮಳೆಯ ಭಾನುವಾರ ಕಾರಿಗಾಗಿ ಕಾಯುತ್ತಾ ಅಮ್ಮ ಅದನ್ನು ಓದಿದಳು. ನಾನೂ ಓದಿದೆ. ನಮ್ಮ ಕೈಯಲ್ಲಿ ಓಡಾಡುತ್ತಿದ್ದದ್ದು ಯೂರೋ, ಪಟ್ಟಿಯಲ್ಲಿದ್ದದ್ದು ಪೌಂಡು, ಶಿಲಿಂಗು. ಅದು ನಮ್ಮಜ್ಜಿಗಿಂತ ಹಳೆಯ ಕಾಗದ, ಬರೀ ನೆನಪಿಗೆ ತೂಗುಹಾಕಿದ್ದು ಅಂತ ನನಗೆ ತಕ್ಷಣ ಹೊಳೆಯಿತು. ಅಮ್ಮನಿಗೆ ಹೊಳೆಯಲಿಲ್ಲ. ಈ ದೇಶದಲ್ಲಿ ಮನೆ, ಕಾರು, ಗ್ಯಾಸ್ ಸಿಲಿಂಡರು ಎಲ್ಲವನ್ನೂ ಬಾಡಿಗೆಗೆ ಹಿಡಿದು ನೋಡಿದ್ದವಳು, ಬೆಂಚಿಗೂ ಬಾಡಿಗೆ ಅಂದರೆ ಯಾಕೆ ನಂಬಬಾರದು. ಅವಳ ಮುಖ ತಿಳಿಯಾಯಿತು. ಹಾಗಾದರೆ ಆ ಮುದುಕಿ ದುಡ್ಡು ಕಟ್ಟಿದ್ದಾರೆ, ಅವರದು ತಪ್ಪಿಲ್ಲ, ನಾವೂ ಕಟ್ಟಿದರಾಯಿತು, ಆರನೇ ನಂಬರಿಗೂ ಅದೇ ರೇಡಿಯೇಟರಿನ ಬಿಸಿ ತಾಗುತ್ತದೆ ಅಂದಳು. ನಾನು ಹಳೆಯ ಪಟ್ಟಿ ಅಂತ ಹೇಳಬೇಕಿತ್ತು, ಹೇಳಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಅಮ್ಮ ಏನನ್ನಾದರೂ ಇಷ್ಟು ಧೈರ್ಯವಾಗಿ ಮಾಡುತ್ತೇನೆ ಅಂದದ್ದು ಅದೇ ಮೊದಲು, ಅದನ್ನು ಕೆಡಿಸಲು ನನಗೆ ಮನಸ್ಸಾಗಲಿಲ್ಲ.

ಮಂಗಳವಾರ ಸಂಜೆ ಸ್ಕೂಲಿನಿಂದ ಬಂದ ನನ್ನನ್ನು ಕರೆದುಕೊಂಡು, ನೀಲಿ ಫೈಲ್ ಹಿಡಿದು, ಅಮ್ಮ ಮಿಸ್ಟರ್ ಕೋಲ್ ಅವರ ಮನೆಗೆ ಹೋದಳು. ಅಪ್ಪನಿಗೆ ತಿಳಿಸಿರಲಿಲ್ಲ. ಕೋಲ್ ಅವರು ಬಾಯ್ಲರ್ ಕೆಟ್ಟಿದೆಯಾ ಅಂತ ಕೇಳುತ್ತಾ ನಮ್ಮನ್ನು ಒಳಗೆ ಕೂರಿಸಿದರು. ಅಮ್ಮ ಮೊದಲು ಮನೆಯೊಡೆಯರಾಗಿ ಒಂದು ರೆಫರೆನ್ಸ್ ಪತ್ರ ಬರೆದುಕೊಡಿ ಅಂದಳು, ನಾವು ಬಾಡಿಗೆ ತಪ್ಪಿಸಿಲ್ಲ, ಗೋಡೆಗೆ ಮೊಳೆ ಹೊಡೆದಿಲ್ಲ ಅಂತ. ಮನೆ ಬಿಡುತ್ತೀರಾ ಅಂತ ಅವರು ಕೇಳಿದರು. ಇಲ್ಲ, ಚರ್ಚಿನಲ್ಲಿ ಆರನೇ ನಂಬರು ಬಾಡಿಗೆಗೆ ಬೇಕು, ಪತ್ರವನ್ನು ವಾರ್ಡನ್ನರಿಗೆ ಕೊಡಬೇಕು ಅಂದಳು ಅಮ್ಮ. ವಾರ್ಡನ್ ನಾನೇ ಅಲ್ಲವಾ ಅಂದರು ಅವರು. ಹೌದು, ಅದಕ್ಕೇ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ ಅಂತ ಇಲ್ಲಿಗೇ ಬಂದೆವು ಅಂದಳು. ಆಮೇಲೆ ಆಸ್ಪತ್ರೆಯ ಪತ್ರ, ಬ್ಯಾಂಕಿನ ಕಾಗದ, ನಾಲ್ಕು ಪಾಸ್‌ಪೋರ್ಟ್ ಕಾಪಿ ಒಂದೊಂದಾಗಿ ಟೀಪಾಯಿಯ ಮೇಲೆ ಹರಡಿದಳು. ಕೋಲ್ ಅವರ ತುಟಿಯ ಅಂಚಿನಲ್ಲಿ ನಗು ಬಂತು, ಅದನ್ನು ತಡೆಯಲು ಅವರು ಕನ್ನಡಕ ಒರೆಸಿಕೊಂಡರು. ನನ್ನ ಕಿವಿ ಬಿಸಿಯಾಯಿತು. ಅವರು ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ವಿವರಿಸಿದರು. ಬೆಂಚಿನ ಬಾಡಿಗೆ ಅವರ ತಾತನ ಕಾಲದ್ದು. ಆಗ ದುಡ್ಡಿದ್ದವರು ಮುಂದಿನ ಬೆಂಚನ್ನು ಹಿಡಿದು, ಬಾಗಿಲಿಗೆ ಬೀಗ ಕೂಡ ಹಾಕಿಕೊಳ್ಳುತ್ತಿದ್ದರು, ಬಡವರಿಗೆ ಹಿಂದೆ ಬಿಟ್ಟಿ ಜಾಗ. ಅದು ನಿಂತು ತುಂಬಾ ಕಾಲವಾಯಿತು, ಈಗ ಯಾರೂ ಏನೂ ಕಟ್ಟುವುದಿಲ್ಲ, ಯಾರು ಎಲ್ಲಿ ಬೇಕಾದರೂ ಕೂರಬಹುದು.

ಅಮ್ಮ ಕಾಗದಗಳನ್ನು ಎತ್ತಿ ಫೈಲಿಗೆ ಸೇರಿಸಿದಳು. ಅವಳಿಗೆ ನಾಚಿಕೆಯಾಗಿದೆ ಅಂದುಕೊಂಡೆ. ಎದ್ದು ನಿಂತ ಮೇಲೆ ತನ್ನ ಟೀಚರ್ ಇಂಗ್ಲಿಷಿನಲ್ಲಿ, ಪ್ರತಿ ಪದವನ್ನೂ ಬಿಡಿಸಿ, ಒಂದೇ ಒಂದು ಪ್ರಶ್ನೆ ಕೇಳಿದಳು.

"ಯಾರೂ ಬಾಡಿಗೆ ಕೊಡಲ್ಲ ಅಂದ್ರೆ, ನಮ್ಮನ್ನ ಎಬ್ಬಿಸಿದ್ದು ಯಾಕೆ?"

ಮಿಸ್ಟರ್ ಕೋಲ್ ಕನ್ನಡಕ ಹಾಕಿಕೊಂಡರು. ಮಿಸೆಸ್ ಹಾರ್ಡಿಂಗ್ ಮದುವೆಯಾಗಿ ಬಂದಾಗಿನಿಂದ ಅಲ್ಲೇ ಕೂತಿದ್ದಾರೆ, ಅವರ ಗಂಡ, ಮೈದುನರು ಒಬ್ಬೊಬ್ಬರಾಗಿ ಹೋದರು, ವಯಸ್ಸಾದವರು, ಅದೊಂದು ಅಭ್ಯಾಸ ಅಂದರು. ಅಮ್ಮ ತಲೆ ಆಡಿಸಿದಳು. ಮನೆಯ ಹತ್ತಿರ ಬಂದಾಗ, ದುಡ್ಡು ಕಟ್ಟಿದ್ದರೆ ಅದು ಬೇರೆ ಮಾತು, ಬರೀ ಅಭ್ಯಾಸ ಆದರೆ ಅದನ್ನು ಬಿಡಿಸಬಹುದು ಅಂದಳು, ನನಗೋ ತನಗೋ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ಅಪ್ಪ ಎಂದಿನಂತೆ ಹಿಂದಿನ ಸಾಲಿಗೆ ತಿರುಗಿದರು. ಅಮ್ಮ ತಿರುಗಲಿಲ್ಲ. ಪ್ರಸನ್ನನ ಕೈ ಹಿಡಿದು ನಡುದಾರಿಯಲ್ಲಿ ನೇರ ನಡೆದು, ಆರನೇ ನಂಬರನ್ನೂ ದಾಟಿ, ಐದರ ಚಿಲಕ ತೆಗೆದು ಒಳಗೆ ಹೋದಳು. ಅಪ್ಪ ಸುಗುಣಾ ಅಂತ ಮೆಲ್ಲಗೆ ಕರೆದದ್ದು ಇಡೀ ಚರ್ಚಿಗೆ ಕೇಳಿಸಿತು. ನಾನು ನಡುವೆ ನಿಂತಿದ್ದೆ. ಹಿಂದೆ ಅಪ್ಪ, ಮುಂದೆ ಅಮ್ಮನ ಬೆನ್ನು. ನನ್ನ ಕ್ಲಾಸಿನ ಹುಡುಗಿಯರು ತಿರುಗಿ ನೋಡುತ್ತಿದ್ದರು, ನಾನು ಇಷ್ಟು ವಾರ ಬೇಡಬೇಡವೆಂದು ಬೇಡಿಕೊಂಡದ್ದೆಲ್ಲ ಒಟ್ಟಿಗೇ ಆಗುತ್ತಿತ್ತು. ಅಪ್ಪ ನನ್ನ ಕಡೆ ಕೈ ಚಾಚಿದರು. ಆ ಕೈ ಹಿಡಿದಿದ್ದರೆ ನಾನು ಬೇರೆ ಹೆಂಗಸಾಗಿರುತ್ತಿದ್ದೆ, ಇವತ್ತಿಗೂ ನನಗೆ ಹಾಗನ್ನಿಸುತ್ತದೆ. ನಾನು ಹೋಗಿ ಅಮ್ಮನ ಪಕ್ಕ ಕೂತೆ. ಧೈರ್ಯದಿಂದಲ್ಲ, ಕೋಲ್ ಅವರ ತುಟಿಯ ಮೇಲಿನ ಆ ನಗು ನೆನಪಾಗಿ ಸಿಟ್ಟು ಬಂದಿತ್ತು. ಈಗ ಇದೇ ದೇಶದ ರಾಜಧಾನಿಯ ಅಂಚಿನ ಸಿಟಿವೆಸ್ಟ್‌ನ ನಮ್ಮ ಆಫೀಸಿನಲ್ಲಿ ನನ್ನನ್ನು ಹಟಮಾರಿ ಅನ್ನುತ್ತಾರೆ, ಮೀಟಿಂಗಿನಲ್ಲಿ ಮೇಜಿನ ಸುತ್ತ ಜಾಗವಿಲ್ಲ, ಗೋಡೆ ಪಕ್ಕ ಕುರ್ಚಿ ಹಾಕಿಕೋ ಅಂದರೆ ನಾನು ಎದ್ದುಹೋಗುವವಳಲ್ಲ. ಬ್ಲಾಂಚರ್ಡ್ಸ್‌ಟೌನ್‌ನ ಮನೆಯಲ್ಲಿ ನನ್ನ ಮಗಳು ಅಪ್ಪಟ ಐರಿಷ್ ದನಿಯಲ್ಲಿ, ಅಮ್ಮಾ, ಸುಮ್ನೆ ಬಿಡು, ಇಟ್ಸ್ ಗ್ರ್ಯಾಂಡ್ ಅನ್ನುತ್ತಾಳೆ. ನಾನು ಬಿಡುವುದಿಲ್ಲ.

ಮಿಸೆಸ್ ಹಾರ್ಡಿಂಗ್ ಬಂದರು. ಅದೇ ಹಸಿರು ಕೋಟು. ಬಾಗಿಲ ಬಳಿ ನಿಂತು ಮೊದಲಿನ ಹಾಗೇ ನಕ್ಕರು, ಆಮೇಲೆ ನಗು ಉಳಿಯಲಿಲ್ಲ. ಆರ್ಗನ್ ನುಡಿಸುತ್ತಿದ್ದವರು ನುಡಿಸಿದ್ದನ್ನೇ ಮತ್ತೆ ನುಡಿಸಿದರು. ಅಮ್ಮ ಏಳಲಿಲ್ಲ. ಒಳಗಿನಿಂದ ಚಿಲಕ ತೆಗೆದು, ಬಾಗಿಲನ್ನು ಅಗಲ ತೆರೆದು ಹಿಡಿದು, ಜಾಗ ಇದೆ ಬನ್ನಿ ಅಂದಳು. ಇತ್ತು ಕೂಡ, ಐದು ಜನರಿಗೆ. ಆ ಮುದುಕಿ ಅಮ್ಮನನ್ನು ನೋಡಿದರು, ಪ್ರಸನ್ನನ ಪಕ್ಕದ ರೇಡಿಯೇಟರನ್ನು ನೋಡಿದರು, ನಡುದಾರಿಯ ಆಚೆಗೆ ಹೋಗಿ ನಾಲ್ಕನೇ ನಂಬರಿನಲ್ಲಿ ಕೂತರು. ಅವರ ಕುತ್ತಿಗೆ ಕೆಂಪಾಗಿತ್ತು. ಒಂಟಿ ಮುದುಕಿಯ ಬೆಂಚು ಕಿತ್ತುಕೊಂಡಿರಲ್ಲ ಅಂತ ಆಮೇಲೆ ಎಷ್ಟೋ ಜನ, ನಮ್ಮವರೂ, ನನಗೆ ಹೇಳಿದ್ದಾರೆ. ಯಾರೂ ಏನೂ ಕಿತ್ತುಕೊಳ್ಳಲಿಲ್ಲ. ಬಾಗಿಲು ತೆರೆದೇ ಇತ್ತು, ಅವರೇ ಬರಲಿಲ್ಲ. ಮುಂದಿನ ವಾರವೂ ಅಮ್ಮ ತೆರೆದು ಹಿಡಿದಳು, ಅದರ ಮುಂದಿನ ವಾರವೂ ಹಿಡಿದಳು.

ಹಿಂದಿನ ಸಾಲಿನಲ್ಲಿ ಅಪ್ಪ ಒಬ್ಬರೇ ಉಳಿದರು. ಏಳು ಭಾನುವಾರ ಹಾಗೇ ಕಳೆಯಿತು. ಕಾರಿನಲ್ಲಿ ಒಟ್ಟಿಗೆ ಹೋಗುವುದು, ಚರ್ಚಿನ ಬಾಗಿಲಲ್ಲಿ ಬೇರೆಯಾಗುವುದು, ಮತ್ತೆ ಒಟ್ಟಿಗೆ ಬಂದು ಒಂದೇ ಪಾತ್ರೆಯ ಸಾರು ಉಣ್ಣುವುದು. ಊಟದ ಹೊತ್ತಿನಲ್ಲಿ ಅಪ್ಪ ಅಮ್ಮ ನಮ್ಮ ಮೂಲಕ ಮಾತಾಡುತ್ತಿದ್ದರು, ಉಪ್ಪು ಬೇಕಂತೆ, ನೀರು ಕೊಡಂತೆ ಅಂತ. ಟೀ ಹೊತ್ತಿನಲ್ಲಿ ಜನ ಅಪ್ಪನ ಸುತ್ತ ನಿಂತು ಅವರ ಬೆನ್ನು ತಟ್ಟುತ್ತಿದ್ದರು, ಅಮ್ಮನ ಹತ್ತಿರ ಯಾರೂ ಬರುತ್ತಿರಲಿಲ್ಲ. ಅವಳು ತಾನೇ ಹೋಗಿ ಕಪ್ ತೆಗೆದುಕೊಂಡು, ತಾನೇ ಬಗ್ಗಿಸಿಕೊಂಡು, ನಿಂತೇ ಕುಡಿದು ಮುಗಿಸುತ್ತಿದ್ದಳು. ಬೇಗ ಕುಡಿಯುತ್ತಿರಲಿಲ್ಲ, ಕೊನೆಯವರೆಗೂ ಇರುತ್ತಿದ್ದಳು. ಪ್ರಸನ್ನನಿಗೆ ಮನೆಯಲ್ಲಿ ಉಬ್ಬಸ ಬರುತ್ತಲೇ ಇತ್ತು, ಚರ್ಚಿನಲ್ಲಿ ಬರುವುದು ನಿಂತಿತು.

ಏಳನೇ ವಾರದ ಶುಕ್ರವಾರ ಮಿಸ್ಟರ್ ಕೋಲ್ ಅವರಿಂದ ಪತ್ರ ಬಂತು. ಅವರ ಅಕ್ಕನ ಮಗ ಮದುವೆಯಾಗುತ್ತಿದ್ದಾನೆ, ಅವನಿಗೆ ಮನೆ ಬೇಕು, ಎರಡು ತಿಂಗಳಲ್ಲಿ ಬಿಟ್ಟುಕೊಡಬೇಕು ಅಂತ. ಬೆಂಚಿನ ಮಾತು ಅದರಲ್ಲಿರಲಿಲ್ಲ. ಇರಬಹುದು, ಅಕ್ಕನ ಮಗನೇ ಕಾರಣ ಇರಬಹುದು. ನಾನು ಅದನ್ನು ನಂಬಿಲ್ಲ, ನಂಬುವುದೂ ಇಲ್ಲ. ಅಪ್ಪ ಪತ್ರವನ್ನು ಎರಡು ಸಲ ಓದಿ ಅಮ್ಮನ ಮುಂದೆ ಇಟ್ಟರು. ಅಮ್ಮ ಓದಿದಳು. ನಿನ್ನಿಂದಲೇ ಆಯಿತು ಅಂತ ಅಪ್ಪ ಹೇಳುತ್ತಾರೆ ಅಂತ ನಾನು ಕಾಯುತ್ತಿದ್ದೆ, ಅಮ್ಮ ಒಂದು ಮಾತಾದರೂ ತಪ್ಪಾಯಿತು ಅನ್ನುತ್ತಾಳಾ ಅಂತಲೂ ಕಾಯುತ್ತಿದ್ದೆ. ಅಪ್ಪ ಪತ್ರವನ್ನು ಮಡಿಸಿ ನೀಲಿ ಫೈಲಿಗೆ ಸೇರಿಸಿದರು. ಅಮ್ಮ ಮುದ್ದೆಗೆ ಎಸರಿಟ್ಟಳು, ಅವತ್ತು ಕಿಟಕಿ ತೆರೆಯಲಿಲ್ಲ. ಅಡುಗೆಮನೆ, ಮೆಟ್ಟಿಲು, ನಮ್ಮ ಕೋಣೆ ಎಲ್ಲ ರಾಗಿಯ ವಾಸನೆಯಿಂದ ಬೆಚ್ಚಗಾಯಿತು.

ಆ ಭಾನುವಾರ ನಾವು ಮೂವರೂ ಐದನೇ ನಂಬರಿನಲ್ಲಿ ಕೂತಿದ್ದೆವು. ಮೊದಲ ಹಾಡು ಮುಗಿದು ಜನ ಕೂರುವಾಗ ಹಿಂದಿನಿಂದ ಬೂಟಿನ ಸದ್ದು ಬಂತು. ಎಲ್ಲರೂ ಕೂತಿದ್ದಾಗ ಒಬ್ಬರೇ ನಡೆದು ಬರುತ್ತಿದ್ದರು, ಅಪ್ಪ. ಯಾರ ಕಡೆಗೂ ನಗಲಿಲ್ಲ, ಯಾರಿಗೂ ಸಾರಿ ಅನ್ನಲಿಲ್ಲ. ಮಿಸ್ಟರ್ ಕೋಲ್ ಅವರ ಮುಂದೆ ಹಾದು ಬಂದು ನಮ್ಮ ಬಾಗಿಲ ಹೊರಗೆ ನಿಂತು, ಪಿಸುಗುಟ್ಟದೆ, ಮನೆಯಲ್ಲಿ ಎಂದೂ ಆಡದಷ್ಟು ಜೋರಾದ ಕನ್ನಡದಲ್ಲಿ ಅಂದರು:

"ಸ್ವಲ್ಪ ಜರುಗು, ಸುಗುಣಾ."

ಅಮ್ಮ ಜರುಗಲಿಲ್ಲ. ಎದ್ದು ಹೊರಗೆ ಬಂದು ಬಾಗಿಲು ಹಿಡಿದು ನಿಂತಳು.

"ನೀವು ಒಳಗೆ ಹೋಗಿ. ಯಾರು ಬಂದ್ರೂ ಬಾಗಿಲ ಹತ್ರ ನಾನಿರ್ತೀನಿ."